ಕರಾವಳಿಯ ಮನೆಯಲ್ಲಿ ಹಣ್ಣಿನ ಫ್ರೀಜ್ ಡ್ರೈಯಿಂಗ್: ಹೆಚ್ಚುವುದರಿಂದ ಡಬ್ಬಿ ಮುಚ್ಚುವವರೆಗೆ

ಜುಲೈ ತಿಂಗಳಲ್ಲಿ ಉಡುಪಿಯ ಯಾವುದೇ ಅಡುಗೆಮನೆಯಲ್ಲಿ ಕಲ್ಲುಪ್ಪಿನ ಭರಣಿಯ ಮುಚ್ಚಳ ತೆಗೆದಿಡಿ. ಸಂಜೆಯೊಳಗೆ ಉಪ್ಪು ನೀರು ಬಿಡಲು ತೊಡಗಿರುತ್ತದೆ. ಇಂಥ ಗಾಳಿಯಲ್ಲಿ ಕುಳಿತು, ಹಲ್ಲಿಗೆ ಸಿಕ್ಕರೆ ಪುಡಿಯಾಗುವಷ್ಟು ಒಣಗಿದ ಅನಾನಸು ಮಾಡಲು ಸಾಧ್ಯವೇ ಎಂದು ಕೇಳಿದರೆ, ಸಾಧ್ಯ. ನಾವು ನೆರೆಕರೆಯ ಮೂರು ಮನೆಯವರು ಸೇರಿ ಹಣ್ಣನ್ನು ಹೆಪ್ಪುಗಟ್ಟಿಸಿ ಒಣಗಿಸುವ ಒಂದು ಫ್ರೀಜ್ ಡ್ರೈಯಿಂಗ್ ಯಂತ್ರ ಕೊಂಡು ಮೂರು ಹಲಸಿನ ಕಾಲ ಕಳೆದಿದ್ದೇವೆ. ಮೊದಲ ವರ್ಷ ಮಾಡಿದ್ದರಲ್ಲಿ ಮುಕ್ಕಾಲು ಪಾಲು ಹಾಳಾಯಿತು. ಯಂತ್ರದ ತಪ್ಪಿನಿಂದಲ್ಲ. ಯಂತ್ರ ಒಣಗಿಸಿ ಕೊಟ್ಟದ್ದನ್ನು ನಾವು ಮೇಜಿನ ಮೇಲೆ ಹರಡಿಕೊಂಡು, ಫೋಟೋ ತೆಗೆದು, ರುಚಿ ನೋಡಿ, ಮಾತಾಡುತ್ತಾ ಅರ್ಧ ಗಂಟೆಯ ನಂತರ ಡಬ್ಬಿಗೆ ತುಂಬಿದೆವು. ಮೂರನೆಯ ದಿನ ತೆರೆದಾಗ ಅದು ಅಂಟಂಟಾದ ಚಕ್ಕಳವಾಗಿತ್ತು.

ಅಮ್ಮ ಡಬ್ಬಿಯೊಳಗೆ ಇಣುಕಿ ನೋಡಿ ಹೇಳಿದ್ದು ಇಷ್ಟೇ: “ಹಪ್ಪಳದ ಡಬ್ಬಿ ತೆರೆದ ಕೈಯಲ್ಲೇ ಮುಚ್ಚಬೇಕು ಎಂದು ಸಣ್ಣವನಿರುವಾಗ ಎಷ್ಟು ಸಲ ಬೈದಿದ್ದೇನೆ ನಿನಗೆ?”

ತಂಪು ದೇಶದ ಕೈಪಿಡಿಗಳಲ್ಲಿ ಎರಡು ಸಾಲಿಗೆ ಮುಗಿಯುವ ಕೊನೆಯ ಹಂತ ಕರಾವಳಿಯಲ್ಲಿ ಅರ್ಧ ಕೆಲಸ. ಆದ್ದರಿಂದ ಈ ಬರಹದಲ್ಲಿ ಯಂತ್ರದ ಗುಂಡಿಗಳಿಗಿಂತ ಡಬ್ಬಿ, ಮುಚ್ಚಳ, ತೇವದ ಮಾತು ಹೆಚ್ಚು ಬರುತ್ತದೆ.

ಕರ್ಪೂರದ ಹಾಗೆ ಹಾರುವ ಮಂಜುಗಡ್ಡೆ

ಪೂಜೆಯ ಕರ್ಪೂರವನ್ನು ತೆರೆದಿಟ್ಟರೆ ಅದು ನೀರಾಗುವುದಿಲ್ಲ, ಸುಮ್ಮನೆ ಸಣ್ಣದಾಗುತ್ತಾ ಹೋಗಿ ಮಾಯವಾಗುತ್ತದೆ. ಘನವು ದ್ರವವಾಗದೆ ನೇರವಾಗಿ ಆವಿಯಾಗುವ ಈ ಕ್ರಿಯೆಗೆ ಶಾಲೆಯ ಪುಸ್ತಕದಲ್ಲಿ ಉತ್ಪತನ ಎಂದು ಹೆಸರು. ಮಂಜುಗಡ್ಡೆಯೂ ಹೀಗೆ ಹಾರಬಲ್ಲದು. ಆದರೆ ಅದಕ್ಕೆ ಒತ್ತಡ ತೀರ ಕಡಿಮೆ ಇರಬೇಕು. ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ 760 ಮಿಲಿಮೀಟರ್ ಪಾದರಸ. ಅದು ಸುಮಾರು 4.6 ಮಿಲಿಮೀಟರ್‌ಗಿಂತ ಕೆಳಗೆ ಇಳಿದರೆ ಅಲ್ಲಿ ದ್ರವರೂಪದ ಶುದ್ಧ ನೀರು ನಿಲ್ಲಲಾರದು. ಒಂದೋ ಮಂಜು, ಇಲ್ಲವೇ ಆವಿ. ಮನೆಯಲ್ಲಿ ಬಳಸುವ ಯಂತ್ರಗಳು ಒತ್ತಡವನ್ನು ಅರ್ಧ ಮಿಲಿಮೀಟರ್‌ಗಿಂತಲೂ ಕೆಳಕ್ಕೆ ತರುತ್ತವೆ.

ಹಣ್ಣನ್ನು ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಈ ನಿರ್ವಾತದಲ್ಲಿಟ್ಟು ತುಸು ಬಿಸಿ ಕೊಟ್ಟರೆ ಒಳಗಿನ ಮಂಜು ಎದ್ದು ಹೋಗುತ್ತದೆ. ಮಂಜು ಇದ್ದ ಜಾಗದಲ್ಲಿ ಸಣ್ಣ ಸಣ್ಣ ಟೊಳ್ಳುಗಳು ಉಳಿಯುತ್ತವೆ. ಅದಕ್ಕೇ ಹೋಳು ಕುಗ್ಗುವುದಿಲ್ಲ, ಬಣ್ಣ ಕೆಡುವುದಿಲ್ಲ, ಪರಿಮಳ ಬಹುಪಾಲು ಉಳಿಯುತ್ತದೆ. ಹಣ್ಣಿನ ರಸವನ್ನು ಬಿಸಿಲಿಗೆ ಹಾಕಿ ಒಣಗಿಸಿದ ಮಾಂಬಳದಲ್ಲಿ ನೀರು ದ್ರವವಾಗಿಯೇ ಹೊರಬರುತ್ತದೆ. ಬರುವಾಗ ಸಕ್ಕರೆಯನ್ನೂ ಎಳೆದು ತರುತ್ತದೆ, ಹಣ್ಣು ಮುದುರಿ ಒತ್ತಾಗುತ್ತದೆ. ಎರಡೂ ಬೇರೆಯೇ ತಿನಿಸು. ಮಾಂಬಳಕ್ಕೆ ಇದು ಬದಲಿ ಎಂದು ನಾನಂತೂ ಹೇಳಲಾರೆ.

ವಿದ್ಯೆ ಹಳೆಯದು. ಆಂಡಿಸ್ ಪರ್ವತದ ಜನ ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೂ ಹಗಲಿನ ಬಿಸಿಲಿಗೂ ಒಡ್ಡಿ ಒಣಗಿಸಿ ‘ಚುನ್ಯೋ’ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಕ್ತದ ಪ್ಲಾಸ್ಮಾ ಕೆಡದಂತೆ ಸಾಗಿಸಲು ಇದೇ ದಾರಿ ಹಿಡಿದರು. ನಮ್ಮ ಮೈಸೂರಿನಲ್ಲೇ 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರ ಊಟಕ್ಕಾಗಿ ಇದರಲ್ಲಿ ಕೆಲಸ ಮಾಡಿದೆ. 1984ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಭಾರತೀಯ ತಿನಿಸುಗಳನ್ನು ಸಿದ್ಧಪಡಿಸಿ ಕೊಟ್ಟದ್ದೂ ಅದೇ ಸಂಸ್ಥೆ.

ಬರೀ ಫ್ರಿಜ್ಜಿನಲ್ಲಿ ಆಗುತ್ತದೆಯೇ?

ಆಗುತ್ತದೆ, ತಾಳ್ಮೆ ಇದ್ದರೆ. ಫ್ರೀಜರಿನಲ್ಲಿ ಮರೆತುಹೋದ ಬಟಾಣಿ ತಿಂಗಳುಗಳ ನಂತರ ಸುಕ್ಕಾಗಿ ಬೆಳ್ಳಗಾಗಿರುತ್ತದಲ್ಲ, ಅದೂ ಉತ್ಪತನವೇ. ನಿರ್ವಾತ ಇಲ್ಲದ ಕಾರಣ ಆಮೆಯ ನಡಿಗೆ.

ಮಾಡಿ ನೋಡುವುದಾದರೆ ತಾನಾಗಿ ಮಂಜು ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಫ್ರಿಜ್ಜು ಬೇಕು. ಅದರೊಳಗೆ ಒಣ ಗಾಳಿ ಸುತ್ತುತ್ತಿರುತ್ತದೆ. ಸೇಬನ್ನು 2-3 ಮಿಲಿಮೀಟರ್ ತೆಳ್ಳಗೆ ಹೆಚ್ಚಿ, ತಂತಿಯ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಮುಚ್ಚದೆ ಫ್ರೀಜರಿನಲ್ಲಿಡಿ. ಮೂರು ವಾರದ ಮೇಲೆ ಒಂದು ಹೋಳು ಹೊರಗೆ ತೆಗೆದು ಹತ್ತು ನಿಮಿಷ ಬಿಡಿ. ಕಪ್ಪಾಗಿ ಮೆತ್ತಗಾದರೆ ಒಳಗೆ ಇನ್ನೂ ಮಂಜಿದೆ ಎಂದರ್ಥ. ಬಿಳಿಯಾಗಿ ಗರಿಗರಿಯಾಗಿಯೇ ಉಳಿದರೆ ಆಯಿತು. ನನಗೆ ಸೇಬಿಗೆ ಐದು ವಾರ ಹಿಡಿಯಿತು. ಮಾವು ಎರಡು ತಿಂಗಳಾದರೂ ಆಗಲಿಲ್ಲ. ಸಾಲದ್ದಕ್ಕೆ, ಅದೇ ಫ್ರೀಜರಿನ ಕೆಳಗಿನ ಅಂತಸ್ತಿನಲ್ಲಿ ಬಂಗುಡೆ ಇತ್ತು. ಒಣಗುತ್ತಿರುವ ಹಣ್ಣು ಸ್ಪಂಜಿನ ಹಾಗೆ, ಪಕ್ಕದಲ್ಲಿ ಏನಿದೆಯೋ ಅದರ ವಾಸನೆ ಹೀರುತ್ತದೆ. ಬಂಗುಡೆಯ ಪರಿಮಳದ ಸೇಬು ಒಮ್ಮೆ ತಿಂದವರು ಈ ಹಾದಿಗೆ ಮತ್ತೆ ಬರುವುದಿಲ್ಲ. ಮಕ್ಕಳಿಗೆ ವಿಜ್ಞಾನ ತೋರಿಸಲು ಚೆನ್ನ, ಸಂಗ್ರಹಕ್ಕಲ್ಲ.

ಪಂಪು ತಂದು ತಾವೇ ಕಟ್ಟುವವರಿಗೆ

ಏರ್ ಕಂಡೀಷನರ್ ರಿಪೇರಿಯವರ ಬಳಿ ಇರುವ ಎರಡು ಹಂತದ ವ್ಯಾಕ್ಯೂಮ್ ಪಂಪು ಬೇಕಾದಷ್ಟು ನಿರ್ವಾತ ಕೊಡುತ್ತದೆ. ಹಾಗಾದರೆ ಒಂದು ಪಾತ್ರೆಗೆ ಅದನ್ನು ಜೋಡಿಸಿದರೆ ಮುಗಿಯಿತಲ್ಲ ಎಂದು ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿದಾಗ ತಲೆ ತಿರುಗಿತು. ಒತ್ತಡ 0.1 ಮಿಲಿಮೀಟರ್ ಇರುವಲ್ಲಿ ಒಂದು ಗ್ರಾಂ ಮಂಜು ಆವಿಯಾದರೆ ಅದು ತುಂಬುವ ಜಾಗ ಸುಮಾರು 9,000 ಲೀಟರ್. ನಿಮಿಷಕ್ಕೆ 100 ಲೀಟರ್ ಎಳೆಯುವ ಪಂಪಿಗೆ ಆ ಒಂದು ಗ್ರಾಮಿಗೇ ಒಂದೂವರೆ ಗಂಟೆ. ಒಂದು ಕಿಲೋ ಅನಾನಸಿನಲ್ಲಿ 850 ಗ್ರಾಮಿಗೂ ಹೆಚ್ಚು ನೀರಿದೆ. ಐವತ್ತಕ್ಕೂ ಮಿಕ್ಕಿ ದಿನ ಪಂಪು ಹಗಲಿರುಳು ಓಡಬೇಕು.

ಹಾಗಾಗಿ ಆವಿಯನ್ನು ಪಂಪಿಗೆ ಬಿಡದೆ ದಾರಿಯಲ್ಲೇ ಹಿಡಿಯಬೇಕು. ಹಣ್ಣಿಗಿಂತ ಬಹಳ ತಣ್ಣಗಿರುವ, ಮೈನಸ್ 40 ಡಿಗ್ರಿಯ ಆಸುಪಾಸಿನ ಒಂದು ಲೋಹದ ಗೋಡೆ ಇದ್ದರೆ ಆವಿ ಹೋಗಿ ಅದರ ಮೇಲೆ ಮತ್ತೆ ಮಂಜಾಗಿ ಕೂರುತ್ತದೆ. ಫ್ರೀಜ್ ಡ್ರೈಯರಿನ ಹೃದಯ ಇದು. ಪಂಪು ಉಳಿದ ಗಾಳಿಯನ್ನು ಎಳೆಯುವ ಆಳು ಮಾತ್ರ. ಡ್ರೈ ಐಸ್ ಬಳಸಿ ಇಂಥ ಬಲೆ ಕಟ್ಟಬಹುದು, ಅದು ಮೈನಸ್ 78.5 ಡಿಗ್ರಿ ಇರುತ್ತದೆ. ಆದರೆ ಅದು ಇಂಗಾಲದ ಡೈಆಕ್ಸೈಡ್. ಕಿಟಕಿ ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ, ಬಿಗಿಯಾಗಿ ಮುಚ್ಚಿದ ಪಾತ್ರೆಯನ್ನು ಸಿಡಿಸುತ್ತದೆ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ.

ಪಾತ್ರೆಯ ವಿಷಯದಲ್ಲೂ ಒಂದು ಮಾತು. ನಿರ್ವಾತ ಮಾಡಿದಾಗ 30 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಹೊರಗಿನ ಗಾಳಿ ಹೇರುವ ಭಾರ 700 ಕಿಲೋ ದಾಟುತ್ತದೆ. ಉಪ್ಪಿನಕಾಯಿಯ ಗಾಜಿನ ಭರಣಿ, ತೆಳುವಾದ ಸ್ಟೀಲ್ ಡಬ್ಬಿ ಯಾವುದೂ ಇದಕ್ಕಲ್ಲ. ಕುಕ್ಕರ್ ಒಳಗಿನಿಂದ ಬರುವ ಒತ್ತಡಕ್ಕೆ ಮಾಡಿದ್ದು, ಹೊರಗಿನದಕ್ಕಲ್ಲ. ಎಂಜಿನಿಯರಿಂಗ್ ಕೈಚಳಕ ಇಲ್ಲದವರು ಈ ಭಾಗವನ್ನು ಓದಿ ಬಿಡುವುದೇ ಲೇಸು. ನಾನೂ ಓದಿ ಬಿಟ್ಟವನೇ.

ಯಂತ್ರ, ಅದರ ಜಾಗ, ಅದರ ಕರೆಂಟು

ಮನೆಬಳಕೆಯ ಫ್ರೀಜ್ ಡ್ರೈಯರ್ ಎಂದರೆ ಸಣ್ಣ ವಾಷಿಂಗ್ ಮೆಷಿನ್ನಿನಷ್ಟು ದೊಡ್ಡದು, ಇಬ್ಬರು ಹೊರಬೇಕಾದಷ್ಟು ಭಾರ. ಬೆಲೆ ಲಕ್ಷ ದಾಟುತ್ತದೆ. ಒಂದೇ ಮನೆಗೆ ಇದನ್ನು ಕೊಳ್ಳುವುದು ನನ್ನ ಮಟ್ಟಿಗೆ ದುಂದು. ಹಲಸು, ಮಾವು, ಪಪ್ಪಾಯಿ ಸುರಿದು ಹೋಗುವ ತೋಟ ಇದ್ದರೆ ಅಥವಾ ನಮ್ಮ ಹಾಗೆ ಪಾಲು ಹಾಕಿಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ವಿದೇಶದಿಂದ ತರಿಸುವುದಾದರೆ ಅದು 230 ವೋಲ್ಟ್, 50 ಹರ್ಟ್ಜ್‌ನದೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅಮೆರಿಕದ 110 ವೋಲ್ಟಿನ ಮಾದರಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಪಂಪು, ಕಂಪ್ರೆಸರ್ ಎರಡರದ್ದೂ ತಕರಾರು.

ಎಲ್ಲಿ ಇಡುವುದು? ಅಡುಗೆಮನೆ ಬೇಡ, ಅಲ್ಲಿ ಅನ್ನದ ಹಬೆ. ಹಿಂದಿನ ಜಗಲಿ ಬೇಡ, ಅಲ್ಲಿ ಉಪ್ಪುಗಾಳಿ. ಯಂತ್ರ ತಾನೂ ಬಿಸಿ ಉಗುಳುತ್ತದೆ. ಮೇ ತಿಂಗಳ ಮಧ್ಯಾಹ್ನ 33-34 ಡಿಗ್ರಿಯ ಕೋಣೆಯಲ್ಲಿ ಅದರ ಕಂಪ್ರೆಸರ್ ಏದುಸಿರು ಬಿಡುತ್ತದೆ, ಒಣಗುವ ಸಮಯವೂ ಉದ್ದವಾಗುತ್ತದೆ. ಎ.ಸಿ. ಇರುವ ಕೋಣೆ ಸಿಕ್ಕರೆ ಅದೇ ಸರಿ. ಎ.ಸಿ.ಯ ನಿಜವಾದ ಉಪಯೋಗ ತಂಪಿಗಿಂತ ತೇವ ಇಳಿಸುವುದರಲ್ಲಿದೆ, ಅದಕ್ಕೆ ಮುಂದೆ ಬರುತ್ತೇನೆ.

ಕರೆಂಟು ದೊಡ್ಡ ತಲೆನೋವು. ನಮ್ಮ ಯಂತ್ರ ಒಂದು ಸುತ್ತಿಗೆ 22ರಿಂದ 30 ಯೂನಿಟ್ ತಿನ್ನುತ್ತದೆ. 16 ಆಂಪಿಯರ್ ಪ್ಲಗ್, ಸರಿಯಾದ ಅರ್ತಿಂಗ್, ಸ್ಟೆಬಿಲೈಜರ್ ಮೂರೂ ಇರಲಿ. ಫ್ಯಾನು, ಲೈಟಿಗೆ ಇಟ್ಟುಕೊಂಡ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಸುತ್ತಿನ ನಡುವೆ ಗಂಟೆಗಟ್ಟಲೆ ಕರೆಂಟು ಹೋದರೆ ಗೋಡೆಯ ಮಂಜು ಕರಗುತ್ತದೆ, ಹಣ್ಣಿನೊಳಗಿನದೂ ಕರಗುತ್ತದೆ, ತಟ್ಟೆಯಲ್ಲಿ ಮುದ್ದೆ ಉಳಿಯುತ್ತದೆ. ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆಯ ಆಸುಪಾಸಿನ ಗುಡುಗು ಮಳೆಯ ದಿನಗಳಲ್ಲಿ, ಸಂಜೆ ಮೋಡ ಕಟ್ಟಿದ್ದು ಕಂಡರೆ, ಆ ದಿನ ಶುರು ಮಾಡಲೇಬೇಡಿ. ಹೆಚ್ಚಿದ ಹಣ್ಣು ಫ್ರೀಜರಿನಲ್ಲಿ ವಾರವಾದರೂ ಕಾಯುತ್ತದೆ.

ಯಾವ ಹಣ್ಣು ಒಗ್ಗುತ್ತದೆ

ಅನಾನಸಿನಿಂದ ಶುರು ಮಾಡಿ. ಹುಳಿ, ನಾರು, ನೀರು ಎಲ್ಲ ಹದವಾಗಿರುವ ಹಣ್ಣು, ಹೊಸಬರನ್ನು ಕೈಬಿಡುವುದಿಲ್ಲ. ಪಪ್ಪಾಯಿ ಸುಲಭ, ಆದರೆ ಒಣಗಿದ ಮೇಲೆ ಸಪ್ಪೆ. ಹೆಚ್ಚಿದ ಹೋಳಿಗೆ ಲಿಂಬೆರಸ ಚಿಮುಕಿಸಿದರೆ ಜೀವ ಬರುತ್ತದೆ. ಬಾಳೆಯಲ್ಲಿ ನೇಂದ್ರ ಚೆನ್ನ. ಕದಳಿಯನ್ನು ಸಿಪ್ಪೆಯ ಮೇಲೆ ಚುಕ್ಕೆ ಬೀಳುವ ಮೊದಲೇ ಹೆಚ್ಚಬೇಕು.

ಹಲಸಿನ ಮಾತು ಬಂದರೆ ಸೊಳೆ ಗಟ್ಟಿಯಿರುವ ಬಕ್ಕೆಯೇ ಆಗಬೇಕು. ಮೆತ್ತಗಿನ ಅಂಬಲಿ ಹಲಸಿನ ಸೊಳೆ ತಟ್ಟೆಯಲ್ಲೇ ಹರಿದು ಹಾಳೆಯಾಗುತ್ತದೆ. ಅದನ್ನು ಬೆಲ್ಲ ಹಾಕಿ ಕಾಯಿಸುವ ಬೆರಟಿಗೋ ಮಾಂಬಳಕ್ಕೋ ಬಿಡಿ, ಅದರ ಹಣೆಬರಹ ಅಲ್ಲಿ ಚೆನ್ನಾಗಿದೆ. ಬಕ್ಕೆಯೂ ತೀರ ಹಣ್ಣಾಗಿರಬಾರದು. ಮಾವಿನಲ್ಲಿ ನಮ್ಮ ಊರಿನ ಮುಂಡಪ್ಪ ಒಳ್ಳೆಯದು: ದಪ್ಪ ತಿರುಳು, ನಾರಿಲ್ಲ. ಕಾಡುಮಾವಿನ ರಸವನ್ನು ತಟ್ಟೆಗೆ ಹೊಯ್ದು ಒಣಗಿಸಬಹುದು. ಆದರೆ ಸಾರು, ಗೊಜ್ಜಿಗೆ ಒದಗುವ ಹಣ್ಣನ್ನು ಇದಕ್ಕೆ ಸುರಿಯಲು ನಮ್ಮ ಮನೆಯಲ್ಲಿ ಅನುಮತಿ ಇಲ್ಲ.

ಅತಿ ಸಿಹಿ ಹಣ್ಣು ಏಕೆ ಸತಾಯಿಸುತ್ತದೆ ಎಂಬುದು ತಿಳಿದಿರಬೇಕು. ಶುದ್ಧ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುತ್ತದೆ. ಹಣ್ಣಿನೊಳಗಿನ ನೀರು ಮಂಜಾಗುತ್ತಾ ಹೋದಂತೆ ಉಳಿದ ರಸದಲ್ಲಿ ಸಕ್ಕರೆ ಮಂದವಾಗುತ್ತದೆ. ಆ ಮಂದಪಾಕ ಪೂರ್ತಿ ಗಟ್ಟಿಯಾಗಲು ಮೈನಸ್ 30, ಕೆಲವು ಸಕ್ಕರೆಗಳಿಗೆ ಮೈನಸ್ 40ರವರೆಗೂ ಇಳಿಯಬೇಕು. ಮನೆಯ ಫ್ರೀಜರ್ ಮೈನಸ್ 18ಕ್ಕೆ ನಿಲ್ಲುತ್ತದೆ. ಗಟ್ಟಿಯಾಗದ ಪಾಕವಿರುವ ಹೋಳನ್ನು ನಿರ್ವಾತಕ್ಕೆ ಒಡ್ಡಿದರೆ ಒಳಗೆ ನೀರು ಕುದಿದು ಹೋಳು ಪೂರಿಯ ಹಾಗೆ ಉಬ್ಬುತ್ತದೆ, ಇಲ್ಲವೇ ಕುಸಿದು ಗಾಜಿನಂತೆ ಅಂಟುತ್ತದೆ. ಚಿಕ್ಕು, ಸೀತಾಫಲ, ಅತಿ ಕಳಿತ ಮಾವು ಈ ಗುಂಪಿನವು. ಜೇನು, ಬೆಲ್ಲದ ಪಾಕ ಆಗುವುದೇ ಇಲ್ಲ. ಬೆಣ್ಣೆಹಣ್ಣು, ತೆಂಗಿನಕಾಯಿಗಳಲ್ಲಿ ಎಣ್ಣೆ ಇದೆ; ಎಣ್ಣೆ ಆವಿಯಾಗುವುದಿಲ್ಲ, ಇಟ್ಟಲ್ಲೇ ಕಮಟುತ್ತದೆ.

ನೇರಳೆ, ದ್ರಾಕ್ಷಿಗಳ ಸಿಪ್ಪೆ ಆವಿಯನ್ನು ತಡೆಯುತ್ತದೆ. ಅರ್ಧಕ್ಕೆ ಸೀಳಿ, ಬೀಜ ತೆಗೆದು, ಸೀಳಿದ ಮುಖ ಮೇಲಾಗಿ ಇಡಿ. ಪುನರ್ಪುಳಿಯ ಸಿಪ್ಪೆ ಬಿಸಿಲಿನಲ್ಲಿ ಎಷ್ಟು ಚೆನ್ನಾಗಿ ಒಣಗುತ್ತದೆಯೆಂದರೆ ಅದಕ್ಕೆ ಕರೆಂಟು ಸುಡುವುದು ಪಾಪ.

ಹೆಚ್ಚುವುದು, ಹೆಪ್ಪುಗಟ್ಟಿಸುವುದು

ಹಣ್ಣನ್ನು ಹೆಚ್ಚುವ ಮೊದಲೇ ಚೆನ್ನಾಗಿ ತೊಳೆದು ನೀರು ಆರಿಸಿ. ಈ ವಿಧಾನ ಕೀಟಾಣುಗಳನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೇ. ನೀರು ಸೋಕಿದರೆ ಅವು ಏಳುತ್ತವೆ. ಕೈ, ಹಲಗೆ, ಚೂರಿ ಎಲ್ಲ ಶುಚಿಯಾಗಿರಲಿ. ಮೀನು ಹೆಚ್ಚಿದ ಹಲಗೆ ದೂರ ಇರಲಿ.

ದಪ್ಪ 6ರಿಂದ 8 ಮಿಲಿಮೀಟರ್. ಅದಕ್ಕಿಂತ ಮುಖ್ಯ, ಎಲ್ಲವೂ ಒಂದೇ ದಪ್ಪವಿರಬೇಕು. ಇಡೀ ತಟ್ಟೆಯಲ್ಲಿ ಎರಡೇ ಎರಡು ದಪ್ಪ ಹೋಳು ಇದ್ದರೂ ಅವು ಒಣಗುವವರೆಗೆ ಕಾಯಬೇಕು. ಕಾಯದಿದ್ದರೆ ಅವೆರಡರ ತೇವ ಡಬ್ಬಿಯೊಳಗೆ ಉಳಿದ ನೂರಕ್ಕೆ ಹರಡುತ್ತದೆ. ಅನಾನಸಿನ ನಡುದಂಟು ತೆಗೆಯಿರಿ. ಹಲಸಿನ ಸೊಳೆಯನ್ನು ಉದ್ದಕ್ಕೆ ಎರಡಾಗಿ ಬಿಡಿಸಿ, ಒಳಗಿನ ಪೊರೆ ತೆಗೆದು ಬೋರಲಾಗದಂತೆ ಹರಡಿ. ಮೇಣಕ್ಕೆಂದು ಕೈಗೆ, ಚೂರಿಗೆ ತೆಂಗಿನೆಣ್ಣೆ ಹಚ್ಚುತ್ತೇವಲ್ಲ, ಸೊಳೆ ಬಿಡಿಸುವ ಹೊತ್ತಿಗೆ ಅದನ್ನು ಪೂರ್ತಿ ಒರೆಸಿ ತೊಳೆದುಕೊಳ್ಳಿ. ಎಣ್ಣೆ ತಾಗಿದ ಸೊಳೆ ಕೆಲವು ತಿಂಗಳಲ್ಲಿ ಹಳೆ ಚಿಪ್ಸಿನ ವಾಸನೆ ಹೊಡೆಯುತ್ತದೆ. ನಾವು ಈ ಪಾಠ ಕಲಿತದ್ದು ಆರು ಪೊಟ್ಟಣ ಎಸೆದ ಮೇಲೆ. ಬೀಜ ಎಸೆಯಬೇಡಿ, ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸುವ ಸಾಂತಾಣಿಗೆ ಆಯಿತು.

ತಟ್ಟೆಯ ಮೇಲೆ ಬೆಣ್ಣೆಕಾಗದ ಹಾಸಿ ಒಂದೇ ಪದರ ಹರಡಿ. ತೂಕ ಬರೆದಿಟ್ಟುಕೊಳ್ಳಿ: ತಟ್ಟೆ ಬೇರೆ, ಹಣ್ಣು ಬೇರೆ. ಈ ಅಂಕಿ ಆಮೇಲೆ ಬೇಕು.

ಫ್ರೀಜರಿನಲ್ಲಿ ಕನಿಷ್ಠ 24 ಗಂಟೆ, ಸಿಹಿ ಹಣ್ಣಾದರೆ 48 ಗಂಟೆ. ಬೆರಳ ತುದಿಯಿಂದ ಒತ್ತಿ ನೋಡಿ, ಕಲ್ಲಿನಂತಿರಬೇಕು. ತುಸು ಮೆದು ಅನಿಸಿದರೂ ಅದು ಮೇಲೆ ಹೇಳಿದ ಪಾಕದ ಲಕ್ಷಣ. ಅಂಥ ತಟ್ಟೆಯನ್ನು ಯಂತ್ರದೊಳಗಿಟ್ಟು, ಪಂಪು ಶುರುವಾಗುವ ಮೊದಲಿನ ತಣಿಸುವ ಅವಧಿಯನ್ನು ನಾಲ್ಕೈದು ಗಂಟೆ ಹೆಚ್ಚಿಸಿ. ಯಂತ್ರ ಫ್ರೀಜರಿಗಿಂತ ಕೆಳಗೆ ಇಳಿಸುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳು ದೊಡ್ಡದಾಗುತ್ತದೆ, ಟೊಳ್ಳೂ ದೊಡ್ಡದಾಗಿ ಬೇಗ ಒಣಗುತ್ತದೆ. ಬೇಗ ಹೆಪ್ಪುಗಟ್ಟಿದರೆ ಹೋಳು ನಯವಾಗಿರುತ್ತದೆ. ಮನೆಯ ಹಣ್ಣಿಗೆ ಮೊದಲನೆಯದೇ ಸಾಕು.

ಯಂತ್ರ ಓಡಿಸುವುದು

ಮೊದಲು ಖಾಲಿ ಯಂತ್ರವನ್ನೇ ಅರ್ಧ ಗಂಟೆ ತಣಿಸಿ. ನೀರು ಹೊರಹೋಗುವ ಕೊಳವೆಯ ಕವಾಟ ಮುಚ್ಚಿದೆಯೇ, ಬಾಗಿಲಿನ ರಬ್ಬರಿನ ಸುತ್ತುಪಟ್ಟಿಯ ಮೇಲೆ ಒಂದು ಎಳೆ ಕೂದಲೂ ಇಲ್ಲವೇ ಎಂದು ನೋಡಿ. ಒತ್ತಡ ಇಳಿಯುತ್ತಿಲ್ಲ ಎಂಬ ದೂರಿಗೆ ನಮ್ಮ ಯಂತ್ರದಲ್ಲಿ ಹತ್ತರಲ್ಲಿ ಎಂಟು ಸಲ ಕಾರಣ ಇವೆರಡೇ. ಪಂಪಿನ ಎಣ್ಣೆಯನ್ನು ಕಿಂಡಿಯಲ್ಲಿ ನೋಡಿ: ತಿಳಿಯಾಗಿದ್ದರೆ ಸರಿ, ಹಾಲು ಬೆರೆಸಿದಂತಿದ್ದರೆ ಅದರಲ್ಲಿ ನೀರು ಸೇರಿದೆ, ಬದಲಿಸಿ. ಮಳೆಗಾಲದಲ್ಲಿ ನಾವು ಎರಡು ಸುತ್ತಿಗೊಮ್ಮೆ ಬದಲಿಸುತ್ತೇವೆ.

ತಟ್ಟೆಗಳನ್ನು ಫ್ರೀಜರಿನಿಂದ ಯಂತ್ರಕ್ಕೆ ಸಾಗಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ಒಬ್ಬರು ಫ್ರೀಜರಿನ ಬಾಗಿಲು, ಇನ್ನೊಬ್ಬರು ಯಂತ್ರದ ಬಾಗಿಲು. ನಮ್ಮ ಗಾಳಿಯಲ್ಲಿ ತಣ್ಣನೆಯ ತಟ್ಟೆಯ ಮೇಲೆ ಕ್ಷಣದಲ್ಲಿ ಮಂಜು ಬೆಳೆಯುತ್ತದೆ, ಅದನ್ನೂ ಯಂತ್ರವೇ ಒಣಗಿಸಬೇಕು.

ಪಂಪು ಶುರುವಾಗಿ ಒತ್ತಡ ಇಳಿದ ಮೇಲೆ ತಟ್ಟೆಯ ಕೆಳಗಿನ ಹೀಟರ್ ಹತ್ತಿಕೊಳ್ಳುತ್ತದೆ. ನಿರ್ವಾತದಲ್ಲಿರುವ ಮಂಜಿಗೆ ಹಾರಲು ಶಾಖ ಬೇಕು, ಅದು ಹಾರುತ್ತಿರುವವರೆಗೂ ಶಾಖವನ್ನೆಲ್ಲ ಅದೇ ಕುಡಿಯುತ್ತದೆ, ಹಣ್ಣು ಬಿಸಿಯಾಗುವುದಿಲ್ಲ. ಹಣ್ಣಿಗೆ ತಟ್ಟೆಯ ಉಷ್ಣತೆ 45 ಡಿಗ್ರಿ ದಾಟದಂತೆ ಹೊಂದಿಸಿ. ಮಾವು, ಹಲಸಿಗೆ 38 ಸಾಕು. ಅವಸರಕ್ಕೆ 60ಕ್ಕೆ ಏರಿಸಿದರೆ ತಳ ಕಂದಾಗುತ್ತದೆ, ಕಾಯಿಸಿದ ಬೆಲ್ಲದ ವಾಸನೆ ಬರುತ್ತದೆ.

ಹಿಡಿಯುವ ಸಮಯ ಹಣ್ಣು, ದಪ್ಪ, ಹೊರಗಿನ ಸೆಕೆ ಎಲ್ಲಕ್ಕೂ ತಕ್ಕಂತೆ. ನಮ್ಮಲ್ಲಿ ಅನಾನಸು 30-34 ಗಂಟೆ, ಬಾಳೆ 26ರ ಸುಮಾರು, ಹಲಸು 36, ಮುಂಡಪ್ಪ 40 ದಾಟಿದ್ದೂ ಇದೆ. ಯಂತ್ರ ತಾನಾಗಿ ‘ಮುಗಿಯಿತು’ ಎಂದು ತೋರಿಸಿದರೆ ಅದನ್ನು ನಂಬಬೇಡಿ, ಎರಡು ಗಂಟೆ ಹೆಚ್ಚು ಓಡಿಸಿ.

ನಿಜವಾಗಿ ಒಣಗಿತೇ?

ಮೂರು ಪರೀಕ್ಷೆಗಳಿವೆ. ಇರುವುದರಲ್ಲಿ ದಪ್ಪ ಹೋಳನ್ನು ಮುರಿಯಿರಿ: ಚಟ್ಟನೆ ಮುರಿಯಬೇಕು, ಬಾಗಬಾರದು. ಮುರಿದ ಮುಖವನ್ನು ತುಟಿಗೆ ತಾಗಿಸಿ: ತಣ್ಣಗೆ ಅನಿಸಿದರೆ ನಡುವೆ ಮಂಜಿದೆ. ಈ ಎರಡೂ ಕೈಯಂದಾಜು.

ನಾನು ನಂಬುವುದು ತೂಕವನ್ನು. ಅನಾನಸಿನಲ್ಲಿ ನೂರಕ್ಕೆ ಸುಮಾರು 86 ಭಾಗ ನೀರು. ಹಾಗಾಗಿ ಒಂದು ಕಿಲೋ ಹೋಳು ಒಣಗಿದಾಗ 140 ಗ್ರಾಮಿನ ಆಸುಪಾಸಿಗೆ ಇಳಿಯಬೇಕು. ಮಾವು 170, ಬಾಳೆ 250, ಹಲಸು 270, ಪಪ್ಪಾಯಿ 120. ಹಣ್ಣಿನ ಜಾತಿ ನೋಡಿ ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ ಆಗುತ್ತದೆ. ತೂಗಿ, ಮತ್ತೆ ಎರಡು ಗಂಟೆ ಓಡಿಸಿ, ಇನ್ನೊಮ್ಮೆ ತೂಗಿ. ತೂಕ ಕದಲದಿದ್ದರೆ ಆಯಿತು. ಇನ್ನೊಂದು ಅಡ್ಡಪರೀಕ್ಷೆ ನಮ್ಮ ಪಕ್ಕದ ಮನೆಯ ಅಕ್ಕ ಕಂಡುಕೊಂಡದ್ದು: ಕೊನೆಗೆ ಯಂತ್ರದ ಗೋಡೆಯ ಮಂಜು ಕರಗಿ ಬಕೆಟ್ಟಿಗೆ ಬರುವ ನೀರನ್ನು ಅಳೆಯುವುದು. ಮೂರು ಕಿಲೋ ಅನಾನಸಿಗೆ ಎರಡೂವರೆ ಲೀಟರ್ ಬಂದರೆ ಲೆಕ್ಕ ಸರಿ. ಎರಡೇ ಲೀಟರ್ ಬಂದಿದ್ದರೆ ಉಳಿದದ್ದು ಇನ್ನೂ ಹಣ್ಣಿನಲ್ಲೇ ಕುಳಿತಿದೆ.

ಬಾಗಿಲು ತೆರೆದ ಮೇಲಿನ ಹತ್ತು ನಿಮಿಷ

ಮಳೆಗಾಲದ ನಮ್ಮ ಗಾಳಿಯಲ್ಲಿ 24-25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವನ್ನು ಹೊರಗಿಟ್ಟರೂ ಅದರ ಮೇಲೆ ಇಬ್ಬನಿ ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಬೆವರುವುದು ಇದಕ್ಕೇ. ತಣ್ಣಗಿರುವ ತಟ್ಟೆಯನ್ನು ಹೊರಗೆ ತೆಗೆದರೆ ಹಣ್ಣಿಗೂ ಅದೇ ಗತಿ. ಆದ್ದರಿಂದ ನಿರ್ವಾತ ಇರುವಾಗಲೇ, ಬಾಗಿಲು ಮುಚ್ಚಿರುವಾಗಲೇ, ತಟ್ಟೆಯನ್ನು 35-38 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಗಾಳಿ ಒಳಗೆ ಬಿಡಿ. ಇದೊಂದನ್ನು ಮಾಡಲು ಶುರು ಮಾಡಿದ ಮೇಲೆ ನಮ್ಮ ನಷ್ಟ ಅರ್ಧಕ್ಕಿಳಿಯಿತು.

ಬಾಗಿಲು ತೆರೆಯುವ ಎರಡು ಗಂಟೆ ಮೊದಲೇ ಕೋಣೆಯ ಎ.ಸಿ. ಹಾಕಿ, ಬಾಗಿಲು ಕಿಟಕಿ ಮುಚ್ಚಿಡಿ. ಹೊರಗೆ 90ರ ಸುಮಾರು ಇರುವ ತೇವಾಂಶ ಒಳಗೆ 50-60ಕ್ಕೆ ಇಳಿಯುತ್ತದೆ. ಹಣ್ಣಿಗೆ ಅದೂ ಹೆಚ್ಚೇ, ಆದರೆ ನಿಮಗೆ ಕೆಲವು ನಿಮಿಷದ ಬಿಡುವು ಸಿಗುತ್ತದೆ. ಪೊಟ್ಟಣಗಳ ಬಾಯಿ ತೆರೆದು ಸಾಲಾಗಿ ನಿಲ್ಲಿಸಿರಬೇಕು, ಚೀಟಿ ಬರೆದಾಗಿರಬೇಕು, ಸೀಲರ್ ಬಿಸಿಯಾಗಿರಬೇಕು. ಒಂದು ತಟ್ಟೆ ಮಾತ್ರ ಹೊರಗೆ ತನ್ನಿ, ಅದನ್ನು ತುಂಬಿ ಮುಚ್ಚಿದ ಮೇಲೆ ಇನ್ನೊಂದು. ಉಳಿದವು ಯಂತ್ರದೊಳಗೆ ಬಾಗಿಲು ಮುಚ್ಚಿಯೇ ಇರಲಿ. ರುಚಿ ನೋಡಲು ಬಂದವರನ್ನು ಕೋಣೆಯ ಹೊರಗೆ ಕೂರಿಸಿ.

ಪೊಟ್ಟಣ ಯಾವುದು? ಮಾಮೂಲಿ ಪಾಲಿಥೀನ್ ಚೀಲ ಆಗದು, ಅದರ ಮೂಲಕ ತೇವ ಮೆಲ್ಲಗೆ ನುಸುಳುತ್ತದೆ. ಸ್ಟೀಲ್ ಡಬ್ಬಿಯ ಮುಚ್ಚಳ ಹಪ್ಪಳಕ್ಕೆ ಸಾಕು, ಇದಕ್ಕೆ ಸಾಲದು. ಒಳಗೆ ಅಲ್ಯೂಮಿನಿಯಂ ಪದರವಿರುವ ದಪ್ಪ ಮೈಲಾರ್ ಪೊಟ್ಟಣ ಬೇಕು. ಸೀಲರ್ ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆ ನಡೆಯುತ್ತದೆ: ಪೊಟ್ಟಣದ ಬಾಯಿಯನ್ನು ಮರದ ಪಟ್ಟಿಯ ಅಂಚಿನ ಮೇಲಿಟ್ಟು ಒತ್ತಿ, ಎರಡು ಸಾಲು ಸೀಲು ಹಾಕಿ. ರಬ್ಬರ್ ಪಟ್ಟಿ ಇರುವ ಗಾಜಿನ ಜಾಡಿಯೂ ಚೆನ್ನ, ಆದರೆ ಬೆಳಕಿನಿಂದ ದೂರ ಇಡಬೇಕು.

ಒಳಗೆ ಏನು ಹಾಕುವುದು ಎಂಬಲ್ಲಿ ಬಹಳ ಜನ ಎಡವುತ್ತಾರೆ. ತಿಂಗಳುಗಟ್ಟಲೆ ಮುಟ್ಟದೆ ಇಡುವ ಪೊಟ್ಟಣಕ್ಕೆ ಆಮ್ಲಜನಕ ಹೀರುವ ಪುಡಿಕೆ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ತುಕ್ಕು ಹಿಡಿಯುತ್ತಾ ಆಮ್ಲಜನಕವನ್ನು ನುಂಗುತ್ತದೆ. ಒಂದು ಲೀಟರ್ ಗಾಳಿಯಲ್ಲಿ 210 ಮಿಲಿಲೀಟರ್‌ನಷ್ಟು ಆಮ್ಲಜನಕ. ಆದ್ದರಿಂದ ಲೀಟರ್ ಪೊಟ್ಟಣಕ್ಕೆ 300ರ ಅಳತೆಯ ಒಂದು ಪುಡಿಕೆ. ಆಗಾಗ ತೆರೆದು ತಿನ್ನುವ ಜಾಡಿಗೆ ಸಿಲಿಕಾ ಜೆಲ್. ಎರಡನ್ನೂ ಒಟ್ಟಿಗೆ ಹಾಕಬೇಡಿ. ಕಬ್ಬಿಣದ ಪುಡಿಗೆ ಕೆಲಸ ಮಾಡಲು ಚೂರು ತೇವ ಬೇಕು, ಅದನ್ನು ಸಿಲಿಕಾ ಕಸಿದುಕೊಳ್ಳುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಸಿಲಿಕಾದಲ್ಲಿ ಕೋಬಾಲ್ಟ್ ಲವಣ ಇರುತ್ತದೆ, ತಿನಿಸಿನ ಹತ್ತಿರ ಅದು ಬೇಡ.

ಒಣಗದ ಹಣ್ಣನ್ನು ಆಮ್ಲಜನಕವಿಲ್ಲದ ಪೊಟ್ಟಣದಲ್ಲಿ ಮುಚ್ಚುವುದು ಅಪಾಯ. ಬಾಟ್ಯುಲಿಸಂ ವಿಷ ಉಂಟುಮಾಡುವ ಕೀಟಾಣುವಿಗೆ ಬೇಕಾದದ್ದು ಅದೇ: ತೇವ ಇರಬೇಕು, ಗಾಳಿ ಇರಬಾರದು, ಹುಳಿ ಕಡಿಮೆ ಇರಬೇಕು. ಹಲಸು, ಪಪ್ಪಾಯಿ, ಬಾಳೆಗಳಲ್ಲಿ ಹುಳಿ ಕಡಿಮೆಯೇ. ಅನುಮಾನ ಬಂದ ಹೋಳುಗಳನ್ನು ಫ್ರಿಜ್ಜಿನಲ್ಲಿಟ್ಟು ಆ ವಾರವೇ ತಿಂದು ಮುಗಿಸಿ.

ಪೊಟ್ಟಣ ಸಣ್ಣದಿರಲಿ, ಒಂದು ಸಲ ತೆರೆದರೆ ಅಲ್ಲೇ ಖಾಲಿಯಾಗುವಷ್ಟು, 25-30 ಗ್ರಾಂ. ದೊಡ್ಡ ಪೊಟ್ಟಣ ಅಗ್ಗವಾಗುತ್ತದೆ ಎಂದು ಹೋದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎರಡು ಸಲ ತೆರೆಯುವಷ್ಟರಲ್ಲಿ ಮೂರನೆಯದು ಅಂಟು. ಮುಚ್ಚಿದ ವಾರದ ನಂತರ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಿ. ಒಳಗಿನ ಹೋಳು ಗಲಗಲ ಎನ್ನಬೇಕು. ಸದ್ದಿಲ್ಲದ ಪೊಟ್ಟಣವನ್ನು ಅಂದೇ ತೆರೆಯಿರಿ.

ತಿನ್ನುವುದು

ಹಾಗೆಯೇ ತಿನ್ನಬಹುದು. “ಇದೆಂಥದು ಮಾರಾಯ, ಥರ್ಮೋಕೋಲಿಗೆ ಸಕ್ಕರೆ ಹಾಕಿದ ಹಾಗೆ” ಎಂದು ಮೊದಲ ಸಲ ಬಾಯಿಗೆ ಹಾಕಿದ ಮಾವ ಹೇಳಿದ್ದರು. ತಟ್ಟೆ ಖಾಲಿ ಮಾಡಿದವರೂ ಅವರೇ. ಅನಾನಸು ಐಸ್‌ಕ್ರೀಮಿನ ಮೇಲೆ ಚೆನ್ನ. ಹಲಸಿನ ಪಾಯಸಕ್ಕೆ 50 ಗ್ರಾಂ ಒಣ ಸೊಳೆಯನ್ನು 130 ಗ್ರಾಂ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಹೋದ ನೀರಿನಷ್ಟೇ ನೀರು, ಹೆಚ್ಚು ಬೇಡ. ಬೆಲ್ಲ ಕರಗಿ ಕುದಿದ ಮೇಲೆ ಸೊಳೆ ಹಾಕಿ, ಕೊನೆಗೆ ದಪ್ಪ ಕಾಯಿಹಾಲು. ತಾಜಾ ಹಲಸಿನ ಕಚ್ಚು ಇದರಲ್ಲಿ ಸಿಗದು, ಪರಿಮಳ ಮಾತ್ರ ಡಿಸೆಂಬರಿನಲ್ಲೂ ಮೇ ತಿಂಗಳಿನದೇ.

ಪುಡಿ ಮಾಡಿದರೆ ಲಸ್ಸಿಗೆ, ಬರ್ಫಿಗೆ ಒದಗುತ್ತದೆ. ಪುಡಿ ಹೋಳಿಗಿಂತಲೂ ಬೇಗ ತೇವ ಹಿಡಿಯುತ್ತದೆ, ಹಾಗಾಗಿ ಬೇಕಾದಾಗ ಬೇಕಾದಷ್ಟೇ ಮಾಡಿ. ಮಿಕ್ಸಿಯನ್ನು ಐದಾರು ಸೆಕೆಂಡ್ ಬಿಟ್ಟು ಬಿಟ್ಟು ತಿರುಗಿಸಿ. ಸತತ ಓಡಿಸಿದರೆ ಜಾರ್ ಬಿಸಿಯಾಗಿ ಸಕ್ಕರೆ ಕರಗುತ್ತದೆ. ಜಾರ್ ತೊಳೆದದ್ದು ಹಿಂದಿನ ದಿನವೇ ಆಗಿರಲಿ. ಬ್ಲೇಡಿನ ಅಡಿಯಲ್ಲಿ ಒಂದು ಹನಿ ನೀರು ಉಳಿದಿದ್ದರೂ ಪುಡಿಯ ಬದಲು ಕೈಗೆ ಸಿಗುವುದು ಅಂಟು, ಅದನ್ನು ಕೆರೆದು ತೆಗೆಯಲು ಚಮಚ ಮುರಿದುಕೊಂಡವನು ನಾನು.